ಪೆಲ್‌ಬರ್ಗಿಗೆ ಬಂದವರು ಮಾಡಬೇಕಾದ್ದು

ಅಮೆರಿಕದ ಮಿಡ್‌ವೆಸ್ಟ್ ಸೀಮೆಯ ಪೆಲ್‌ಬರ್ಗಿಗೆ ಬಂದವರು ಏನೇನು ಮಾಡಬೇಕು ಎಂಬುದನ್ನು ಅಲ್ಲಿಯ ಕಾಲೇಜಿನವರು ಬಣ್ಣದ ಹಾಳೆಯಲ್ಲಿ ಅಚ್ಚು ಹಾಕಿಸಿ ಊರಿನ ಪ್ರತಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೂ ಇಟ್ಟಿದ್ದರು. ಕೋರ್ಟು ಚೌಕದ ಗಡಿಯಾರದ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳಬೇಕು. ಹಳೇ ರೈಲು ಸ್ಟೇಷನ್ನಿನಲ್ಲಿ ಕಾಫಿ ಕುಡಿಯಬೇಕು. ಅಲ್ಲಿ ರೈಲು ನಿಂತು ಒಂದು ತಲೆಮಾರು ಕಳೆದಿದೆ, ಕಾಫಿಗೆ ಮಾತ್ರ ಬಾಗಿಲಾಚೆತನಕ ಸಾಲು. ಮುಚ್ಚಿಹೋದ ಡಬ್ಬಿ ಕಾರ್ಖಾನೆಯ ಇಟ್ಟಿಗೆ ಗೋಡೆಯ ಮೇಲೆ ವಿದ್ಯಾರ್ಥಿಗಳು ಬಿಡಿಸಿದ ಭಾರಿ ಮುಸುಕಿನ ಜೋಳದ ತೆನೆಯನ್ನು ನೋಡಬೇಕು. ಆ ಗೋಡೆಯ ಒಳಗೆ ಊರಿನ ಅರ್ಧ ಜನ ನಿಜವಾದ ಜೋಳವನ್ನು ಡಬ್ಬಿಗೆ ತುಂಬುತ್ತ ಬೆನ್ನು ಮುರಿದುಕೊಂಡಿದ್ದರು, ಒಂದು ಬೇಸಿಗೆ ಬಾಗಿಲಿಗೆ ಬೀಗ ಬಿದ್ದಾಗ ಬೀದಿಗೆ ಬಂದಿದ್ದರು ಎಂಬುದು ಹಾಳೆಯಲ್ಲಿರಲಿಲ್ಲ. ಇದ್ದಿದ್ದರೆ ಅದನ್ನೂ ನೋಡಿಕೊಂಡು ಹೋಗುತ್ತಿದ್ದರೇನೋ, ಕೈಯಲ್ಲಿ ಕಾಫಿ ಹಿಡಿದುಕೊಂಡು.

ಹಾಳೆಯ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: ಭಾನುವಾರ ಮಧ್ಯಾಹ್ನ ಕಾಲೇಜಿನ ಮೆಸ್ಸಿನಲ್ಲಿ ಅಪ್ಪಟ ಮಿಡ್‌ವೆಸ್ಟಿನ ಮನೆಯೂಟ ಸವಿಯಿರಿ.

ಆ ಮನೆಯೂಟ ಬೇಯಿಸುತ್ತಿದ್ದವಳು ವಿಲ್ಡಾ ಹೂಫ್ಟ್. ಅರವತ್ತು ದಾಟಿದ, ಗಟ್ಟಿ ಮುಂಗೈಯ ಹೆಂಗಸು. ಕಾರ್ಖಾನೆ ಮುಚ್ಚಿದ ವರ್ಷ ಕಾಲೇಜಿನ ಮೆಸ್ಸಿಗೆ ಸೇರಿದವಳು ಅಲ್ಲಿಯ ಒಲೆಗಳ ಮುಂದೆಯೇ ತಲೆ ನರೆಸಿಕೊಂಡಿದ್ದಳು. ಕೋಳಿ ಸಾರಿನಲ್ಲಿ ಬೆಂದ ದಪ್ಪ ನೂಡಲ್ಸನ್ನು ಹಿಸುಕಿದ ಆಲೂಗಡ್ಡೆಯ ಮೇಲೆ ಸುರಿದು ಅವಳು ತಟ್ಟೆ ಮುಂದೆ ತಳ್ಳಿದರೆ, ನ್ಯೂಯಾರ್ಕಿನಿಂದ ಮಗನನ್ನು ನೋಡಲು ಬಂದ ಹೆತ್ತವರು ಮೊದಲು ಅದರ ಫೋಟೊ ತೆಗೆಯುತ್ತಿದ್ದರು. ‘ಎಷ್ಟು ಪ್ರಾಮಾಣಿಕ ಊಟ!’ ಎಂದು ಒಬ್ಬಾಕೆ ಉದ್ಗರಿಸಿದ್ದಳಂತೆ. ಊಟಕ್ಕೆ ಪ್ರಾಮಾಣಿಕತೆ ಎಲ್ಲಿಂದ ಬಂತೋ ವಿಲ್ಡಾಳಿಗೆ ತಿಳಿಯಲಿಲ್ಲ. ಆ ಮಾತನ್ನು ಅಡುಗೆಯವರ ಬಗ್ಗೆ ಯಾರೂ ಆಡಿದ್ದಿಲ್ಲ.

ಅಕ್ಟೋಬರ್ ಶುರುವಿನಲ್ಲಿ ಕಾಲೇಜಿನ ಉಪಾಧ್ಯಕ್ಷ ಆಶ್‌ವರ್ತ್ ಅಡುಗೆ ಮನೆಯವರನ್ನೆಲ್ಲ ಕೂರಿಸಿಕೊಂಡು ಒಂದು ಶುಭಸಮಾಚಾರ ಕೊಟ್ಟ. ಪೂರ್ವದ ಕಡೆಯಿಂದ ಬಂದು ಮೂರು ವರ್ಷವಾಗಿದ್ದ, ಕಾಲೇಜಿನ ಬಣ್ಣದ ತೋಳಿಲ್ಲದ ಕೋಟನ್ನು ಮಲಗುವಾಗಲೂ ಬಿಚ್ಚುತ್ತಿದ್ದನೋ ಇಲ್ಲವೋ ಎಂಬಂಥ ಮನುಷ್ಯ. ಮುಂದಿನ ತಿಂಗಳಿನಿಂದ ಮೆಸ್ಸನ್ನು ಹೊರಗಿನ ಕಂಪನಿಯೊಂದು ನಡೆಸುತ್ತದೆ ಎಂದ. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಎಲ್ಲರೂ ಹೊಸ ಒಪ್ಪಂದಕ್ಕೆ ಸಹಿ ಹಾಕಿದರಾಯಿತು ಎಂದ. ಹೊಸ ಒಪ್ಪಂದದಲ್ಲಿ ಅದೇ ಒಲೆ, ಅದೇ ಪಾತ್ರೆ. ಕೆಲಸದ ಗಂಟೆಗಳನ್ನು ಮಾತ್ರ ಸ್ವಲ್ಪ ಕತ್ತರಿಸಿದ್ದರು, ವಾರಕ್ಕೆ ಇಷ್ಟು ಗಂಟೆ ದುಡಿದವರಿಗೆ ಆರೋಗ್ಯ ವಿಮೆ ಕೊಡಲೇಬೇಕು ಎಂಬ ಗೆರೆಯಿಂದ ಕೂದಲೆಳೆಯಷ್ಟು ಕೆಳಕ್ಕೆ. ಕತ್ತರಿಸಿದವನಿಗೆ ಕೈ ಚಳಕ ಇತ್ತು ಅನ್ನಬೇಕು. ಸಹಿಗೆ ಕಡೇ ದಿನ, ಮಕ್ಕಳನ್ನು ನೋಡಲು ಹೆತ್ತವರೆಲ್ಲ ಬರುವ ವಾರಾಂತ್ಯ ಮುಗಿದ ಮೇಲಿನ ಸೋಮವಾರ. ಬಂದ ನೆಂಟರ ಮುಂದೆ ಗಲಾಟೆ ಬೇಡ ಎಂದು ಇಟ್ಟ ದಿನ.

ವಿಲ್ಡಾಳ ಗಂಡ ಮರ್ವಿನ್‌ಗೆ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಪಕ್ಕದ ಊರಿನ ಆಸ್ಪತ್ರೆಯಲ್ಲಿ ಯಂತ್ರಕ್ಕೆ ತೋಳು ಕೊಟ್ಟು ಮಲಗುತ್ತಿದ್ದ. ಆ ಯಂತ್ರ ತಿರುಗುತ್ತಿದ್ದುದೇ ಹೆಂಡತಿಯ ಕೆಲಸಕ್ಕಿದ್ದ ವಿಮೆಯ ಮೇಲೆ. ಸರ್ಕಾರದ ನೆರವಿಗೆ ಅರ್ಜಿ ಹೋಗಿತ್ತು; ಅದು ಯಾವ ಮೇಜಿನ ಮೇಲೆ ನಿದ್ದೆ ಹೋಗಿದೆಯೋ ಹೇಳುವವರಿಲ್ಲ. ಸಹಿ ಹಾಕಿದರೆ ವಿಮೆ ಹೋಗುತ್ತದೆ, ಹಾಕದಿದ್ದರೆ ಕೆಲಸದ ಜೊತೆಗೆ ವಿಮೆ ಹೋಗುತ್ತದೆ. ಮರ್ವಿನ್ ಇದನ್ನೆಲ್ಲ ಕೇಳಿ ಟೀವಿಯ ಸದ್ದು ತುಸು ಹೆಚ್ಚು ಮಾಡಿದ, ಅಷ್ಟೇ. ಆ ಮನುಷ್ಯ ಹೆದರಿದಾಗ ಮಾಡುತ್ತಿದ್ದುದೇ ಹಾಗೆ.

ಹೆತ್ತವರು ಬರುವ ಆ ವಾರಾಂತ್ಯದ ಶುಕ್ರವಾರ ಮಧ್ಯಾಹ್ನ ಕಾಲೇಜಿನ ಟ್ರಸ್ಟಿಗಳ ಸಭೆಯಿತ್ತು. ಆ ಹೊತ್ತಿಗೆ ಊರಿನವರು ಬಂದು ಕಾಲೇಜಿನ ಹುಲ್ಲುಹಾಸಿನ ಮೇಲೆ ಅರ್ಧ ಗಂಟೆ ತಮ್ಮ ಜೊತೆ ನಿಂತರೆ ಸಾಕು, ಟ್ರಸ್ಟಿಗಳು ಕಿಟಕಿಯಿಂದ ನೋಡಲಿ ಎಂದು ಅಡುಗೆ ಮನೆಯ ಹೆಂಗಸರು ಲೆಕ್ಕ ಹಾಕಿದರು. ಮನೆಮನೆಗೆ ಹೋಗಿ ಕರೆಯುವ ಕೆಲಸ ವಿಲ್ಡಾಳ ಪಾಲಿಗೆ ಬಂತು. ಹೋದಲ್ಲೆಲ್ಲ ಜನ ಬಾಗಿಲು ತೆರೆದು ಒಳಗೆ ಕೂರಿಸಿದರು, ‘ಛೆ, ಹೀಗಾಗಬಾರದಿತ್ತು’ ಎಂದರು, ಹೊರಡುವಾಗ ಕೈಗೆ ಏನಾದರೊಂದು ಬೇಯಿಸಿದ್ದನ್ನು ಕೊಟ್ಟರು. ಪೆಲ್‌ಬರ್ಗಿನವರಿಗೆ ಇನ್ನೊಬ್ಬರ ಕಷ್ಟ ಕಂಡರೆ ಓವನ್ ಹಚ್ಚುವುದು ಬಿಟ್ಟು ಬೇರೇನೂ ತೋಚುವುದಿಲ್ಲ. ಎರಡು ವಾರ ಮುಗಿಯುವುದರೊಳಗೆ ವಿಲ್ಡಾಳ ಫ್ರಿಜ್ ಬೇರೆಯವರ ಗಾಜಿನ ತಟ್ಟೆಗಳಿಂದ ತುಂಬಿಹೋಯಿತು. ಬರುತ್ತೇನೆ ಎಂದು ಒಬ್ಬರೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಇಲ್ಲ ಎನ್ನುವ ಪದವನ್ನು ಉಚ್ಚರಿಸುವುದಕ್ಕಿಂತ ಸತ್ತುಹೋಗುವುದು ವಾಸಿ ಎಂದುಕೊಂಡ ಊರು ಅದು. ಪಾದ್ರಿ ಪ್ರಾರ್ಥನೆ ಮಾಡುತ್ತೇನೆ ಎಂದ. ಕಬ್ಬಿಣದ ಅಂಗಡಿಯ ಗ್ಲೆನ್ ಟಿಮ್ಮರ್, ಊರಿನಲ್ಲಿ ನಾಲ್ಕು ಜನ ಕಿವಿಗೊಟ್ಟು ಕೇಳುವ ಮನುಷ್ಯ, ಮೊಳೆಗಳ ಡಬ್ಬಿಯಲ್ಲಿ ಕೈಯಾಡಿಸುತ್ತ ಕೇಳಿಸಿಕೊಂಡು, ‘ಹ್ಞೂಂ, ಅದೂ ಒಂಥರಾನೇ’ ಎಂದ. ಕಾಲೇಜು ಮಾಡಿದ್ದು ತಪ್ಪು ಎನ್ನಲು ಪೆಲ್‌ಬರ್ಗಿನ ಭಾಷೆಯಲ್ಲಿ ಅದಕ್ಕಿಂತ ಕಟುವಾದ ಮಾತಿಲ್ಲ. ವಿಲ್ಡಾ ಪೆದ್ದಿ, ಅದನ್ನೇ ಬೆಂಬಲ ಎಂದು ತಿಳಿದು ಹಗುರಾಗಿ ಮನೆಗೆ ಬಂದಳು.

ಶುಕ್ರವಾರ ಹುಲ್ಲುಹಾಸಿನ ಮೇಲೆ ಅಡುಗೆ ಮನೆಯವರನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಬಿಳಿ ಏಪ್ರನ್ನು ಕಟ್ಟಿಕೊಂಡು ಸಾಲಾಗಿ ನಿಂತ ಹೆಂಗಸರನ್ನು ಕಂಡು, ಹೊಚ್ಚ ಹೊಸ ರಬ್ಬರ್ ಬೂಟು ಹಾಕಿಕೊಂಡಿದ್ದ ತಾಯಿಯೊಬ್ಬಳು ಹತ್ತಿರ ಬಂದಳು. ಹಳ್ಳಿ ಕಡೆ ಹೋಗುತ್ತೇವೆಂದು ಅದಕ್ಕೆಂದೇ ಕೊಂಡಿದ್ದ ಬೂಟು. ಒಂದು ಹನಿ ಕೆಸರು ಸಹ ತಾಗಿರಲಿಲ್ಲ. ಕೈಯಲ್ಲಿದ್ದ ಬಣ್ಣದ ಹಾಳೆಯನ್ನು ತಿರುವಿ ನೋಡಿ, ಇವರು ಯಾವ ಹೊತ್ತಿಗೆ ಹಾಡುವುದು ಎಂದು ಕೇಳಿದಳು.

ವಿಲ್ಡಾಳ ಪಕ್ಕ ನಿಂತಿದ್ದ ಬರ್ಟಾ ತಟಕ್ಕನೆ ಹೇಳಿದಳು, “ಸಂಬ್ಳ ಬಂದ್ಮೇಲೆ ಹಾಡ್ತೀವಿ ಕಣಮ್ಮ.”

ಆಕೆ ನಕ್ಕು ಫೋಟೊ ತೆಗೆದುಕೊಂಡು ಹೋದಳು. ಮೇಲಿನ ಕಿಟಕಿಯಲ್ಲಿ ಯಾರೋ ಪರದೆ ಸರಿಸಿ ನೋಡಿ ಮತ್ತೆ ಎಳೆದರು. ಅರ್ಧ ಗಂಟೆ ನಿಂತದ್ದಾಯಿತು. ರಾತ್ರಿಯೂಟಕ್ಕೆ ಕ್ಯಾರೆಟ್ ಹೆಚ್ಚಬೇಕಿತ್ತು, ಹೆಂಗಸರು ಒಳಗೆ ಹೋದರು.

ಅದೇ ಸಂಜೆ ಕಾಲೇಜಿನವರು ಕುರ್ಚಿಗಳನ್ನು ಎತ್ತಿದರು.

ಮಾರನೆಯ ದಿನ ಸುಗ್ಗಿ ಮೆರವಣಿಗೆ. ಪೆಲ್‌ಬರ್ಗಿನವರು ಗುರುವಾರ ಮಧ್ಯಾಹ್ನವೇ ತಂತಮ್ಮ ಮನೆಯ ಮಡಚುವ ಕುರ್ಚಿಗಳನ್ನು ತಂದು ದೊಡ್ಡ ಬೀದಿಯ ಎರಡೂ ಅಂಚಿಗೆ ಬಿಡಿಸಿಟ್ಟು ಹೋಗುತ್ತಾರೆ. ಇಟ್ಟ ಜಾಗ ಇಟ್ಟವರದು. ಎರಡು ದಿನ ಆ ಕುರ್ಚಿಗಳು ಖಾಲಿ ಕೂತಿರುತ್ತವೆ. ಮಳೆ ಬಂದರೆ ನೆನೆಯುತ್ತವೆ, ಗಾಳಿಗೆ ಬಿದ್ದರೆ ದಾರಿಯಲ್ಲಿ ಹೋಗುವವರು ಎತ್ತಿ ನಿಲ್ಲಿಸುತ್ತಾರೆ, ಒಂದಿಂಚು ಆಚೆಗಲ್ಲ ಈಚೆಗಲ್ಲ. ಕಾರು ಕದಿಯುವವನೂ ಆ ಕುರ್ಚಿ ಮುಟ್ಟುವುದಿಲ್ಲ. ಅಜ್ಜ ಕೂತ ಜಾಗದಲ್ಲಿ ಮೊಮ್ಮಗ ಕೂರುತ್ತಾನೆ. ಗಂಡ ಹೆಂಡತಿ ಬೇರೆಯಾದಾಗ ನಾಯಿ ಯಾರಿಗೆ ಎಂಬುದು ಬೇಗ ಇತ್ಯರ್ಥವಾಗುತ್ತದೆ, ಬ್ಯಾಂಕಿನ ಮುಂದಿನ ಮರದ ನೆರಳು ಯಾರಿಗೆ ಎಂಬುದು ವಕೀಲರ ತನಕ ಹೋಗುತ್ತದೆ.

ಆಶ್‌ವರ್ತ್‌ಗೆ ಇದು ಗೊತ್ತಿರಲಿಲ್ಲ. ಮೂರು ವರ್ಷ ಈ ಊರಿನ ಗಾಳಿ ಕುಡಿದೂ ಗೊತ್ತಾಗದಷ್ಟು ದೊಡ್ಡ ಮನುಷ್ಯ. ದಾನಿಗಳಿಗೂ ಹೆತ್ತವರಿಗೂ ಚಪ್ಪರ ಹಾಕಬೇಕು, ಕಬ್ಬಿಣದ ಅಂಗಡಿಯ ಮುಂದಿನ ಜಾಗವೇ ಆಗಬೇಕು, ಅಲ್ಲಿ ಯಾರೋ ಹರಕು ಕುರ್ಚಿಗಳನ್ನು ಬಿಸಾಡಿ ಹೋಗಿದ್ದಾರೆ ಎಂದುಕೊಂಡ. ತೋಟದ ಆಳುಗಳಿಗೆ ಹೇಳಿ ಎಲ್ಲವನ್ನೂ ಲಾರಿಗೆ ತುಂಬಿಸಿ ಕಾಲೇಜಿನ ಜಿಮ್ಮಿನ ಹಿಂದೆ ರಾಶಿ ಹಾಕಿಸಿದ.

ಶನಿವಾರ ಬೆಳಗಾಗುವುದೇ ತಡ, ಊರು ಎದ್ದುನಿಂತಿತು.

ವಿಲ್ಡಾಳಿಗೆ ಫೋನು ಬಂದದ್ದು ಗ್ಲೆನ್‌ನಿಂದಲೇ. ನಮ್ಮಪ್ಪನ ಕುರ್ಚಿ ಎತ್ತಿದ್ದಾರೆ ಕಣೆ, ಎಲ್ಲರೂ ಹೊರಟಿದ್ದೀವಿ, ನೀನೂ ಬಾ ಎಂದ. ಅವಳು ಕೋಟು ಹಾಕಿಕೊಂಡು ಹೋಗಿ ನೋಡಿದರೆ ಹುಲ್ಲುಹಾಸಿನ ತುಂಬ ಜನ. ನಿನ್ನೆ ತಾವು ಬೆರಳೆಣಿಕೆಯ ಹೆಂಗಸರು ನಿಂತಿದ್ದ ಅದೇ ಹುಲ್ಲು. ಸೊಂಟ ಹಿಡಿದಿದೆ ಎಂದಿದ್ದವರು, ಆ ಹೊತ್ತಿಗೆ ಕೊಯ್ಲಿನ ಯಂತ್ರ ಬರುತ್ತದೆ ಎಂದಿದ್ದವರು, ಪ್ರಾರ್ಥನೆಗೆ ಕೂತಿದ್ದ ಪಾದ್ರಿ, ಎಲ್ಲರೂ ಇದ್ದರು. ವಾಕರ್ ಹಿಡಿದುಕೊಂಡ ಮುದುಕಿಯರು ಇಬ್ಬನಿಯಲ್ಲಿ ಕಾಲೂರಿ ನಿಂತಿದ್ದರು. ಡಬ್ಬಿ ಕಾರ್ಖಾನೆ ಮುಚ್ಚಿದಾಗ ಉಸಿರೆತ್ತದ ಗಂಡಸರು, ಕಾಲೇಜು ಒಂದೊಂದೇ ಮನೆ ಕೊಂಡು ಬಾಡಿಗೆ ಏರಿಸಿ ಅವರ ಮಕ್ಕಳನ್ನು ಊರಾಚೆಯ ತಗಡಿನ ಟ್ರೇಲರ್ ಮನೆಗಳಿಗೆ ಅಟ್ಟಿದಾಗ ‘ಏನ್ಮಾಡಕ್ಕಾಗುತ್ತೆ’ ಎಂದಿದ್ದ ಗಂಡಸರು, ಈಗ ಕೆಂಪಗಾಗಿ ಮುಷ್ಟಿಯನ್ನು ಕೋಟಿನ ಜೇಬಿನೊಳಗೇ ಬಿಗಿ ಹಿಡಿದಿದ್ದರು. ಹೊರಗೆ ತೆಗೆಯುವ ಧೈರ್ಯ ಅವರಿಗೆ ಬರಬೇಕಾದರೆ ಇನ್ನೂ ನೂರು ವರ್ಷ ಬೇಕು, ಆದರೂ ಮುಷ್ಟಿ ಮುಷ್ಟಿಯೇ.

ವಿಲ್ಡಾ ತಲೆಗಳನ್ನು ಎಣಿಸತೊಡಗಿದಳು. ಬಂದಿದ್ದಾರಲ್ಲ. ಯಾವ ನೆಪಕ್ಕೆ ಬಂದರೇನು, ಬಂದಿದ್ದಾರೆ. ಈ ಜನ ಹೀಗೇ ಇನ್ನೊಂದು ಗಳಿಗೆ ನಿಂತರೆ, ಒಂದೇ ಒಂದು ಮಾತನ್ನು ಕೂಡಿಸಿ ಹೇಳಿದರೆ, ಸೋಮವಾರದ ಸಹಿ ನಿಲ್ಲುತ್ತದೆ.

ಆಶ್‌ವರ್ತ್ ಮೆಟ್ಟಿಲಿಳಿದು ಬಂದ. ಗ್ಲೆನ್ ಟೋಪಿ ತೆಗೆದು, ಊರಿನವರಿಗೆ ಸ್ವಲ್ಪ ಬೇಜಾರಾಗಿದೆ ಎಂದು ತಿಳಿಸಿದ. ಸಿಟ್ಟಿಗೆ ಕಣ್ಣು ಕತ್ತಲಿಟ್ಟು ಬಂದ ಜನ, ಅವರ ಬಾಯಿಂದ ಹೊರಟದ್ದು ಅಷ್ಟು. ಆಶ್‌ವರ್ತ್ ಎದೆಯ ಮೇಲೆ ಕೈಯಿಟ್ಟು ತಪ್ಪಾಯಿತು ಎನ್ನಲು ಬಾಯಿ ತೆರೆಯುತ್ತಿದ್ದ ಹಾಗೆ ವಿಲ್ಡಾ ಮುಂದಕ್ಕೆ ಬಂದಳು. ಇಷ್ಟು ಜನ ಸೇರಿದ್ದೀವಿ, ಇನ್ನೊಂದು ವಿಷಯವನ್ನೂ ಈಗಲೇ ಕೇಳಿಬಿಡೋಣ ಎಂದಳು. ಅಡುಗೆ ಮನೆಯವರ ವಿಮೆಯ ಮಾತೆತ್ತಿದಳು. ಮರ್ವಿನ್ ಹೆಸರನ್ನೂ ಹೇಳಿದಳು. ಆ ಹೆಸರು ಅಲ್ಲಿದ್ದವರಲ್ಲಿ ಅರ್ಧದಷ್ಟು ಜನಕ್ಕೆ ಸ್ಕೂಲಿನ ದಿನಗಳಿಂದ ಗೊತ್ತಿತ್ತು.

ಹುಲ್ಲುಹಾಸಿನ ಮೇಲೆ ಎಲ್ಲರೂ ತಂತಮ್ಮ ಬೂಟಿನ ತುದಿ ನೋಡಿಕೊಂಡರು. ಪಾದ್ರಿ ಆಕಾಶ ನೋಡಿದ, ಅವನ ಕಸುಬೇ ಅದು. ಗ್ಲೆನ್ ಮೆಲ್ಲಗೆ ಅವಳ ಮೊಣಕೈ ಹಿಡಿದ.

“ವಿಲ್ಡಾ, ಇವತ್ತು ಬಂದಿರೋದು ಕುರ್ಚಿ ವಿಷ್ಯಕ್ಕೆ,” ಎಂದ. “ಅದಕ್ಕೂ ಇದಕ್ಕೂ ಬೆರೆಸ್ಬೇಡ. ಇದ್ರಲ್ಲಿ ನ್ಯಾಯ ಇದೆ. ಅದಾದ್ರೆ... ರಾಜಕೀಯ ಅನ್ಸುತ್ತೆ ಜನಕ್ಕೆ.”

“ಅವನ ರಕ್ತ ತೊಳ್ಯೋದು ರಾಜಕೀಯನಾ ಗ್ಲೆನ್?”

“ನಾನು ಹಂಗಂದ್ನಾ? ಹಂಗೆ ಅನ್ಸುತ್ತೆ ಅಂದೆ.”

ಅವಳು ಸುತ್ತ ನೋಡಿದಳು. ಒಬ್ಬರಾದರೂ ತಲೆಯೆತ್ತಲಿ ಎಂದು ಕಾದಳು. ಆಶ್‌ವರ್ತ್ ಈ ಮೌನವನ್ನು ಬಿಡುವಷ್ಟು ದಡ್ಡನಲ್ಲ. ಕುರ್ಚಿಗಳೆಲ್ಲ ಇನ್ನು ಒಂದು ಗಂಟೆಯೊಳಗೆ ತಂತಮ್ಮ ಜಾಗದಲ್ಲಿರುತ್ತವೆ, ಚಪ್ಪರ ಬೇರೆ ಕಡೆ ಹೋಗುತ್ತದೆ, ಇಂಥ ಅಪರೂಪದ ಸಂಪ್ರದಾಯವನ್ನು ಮುಂದಿನ ವರ್ಷ ಬಂದವರು ನೋಡಲೇಬೇಕಾದ ಸಂಗತಿಗಳ ಹಾಳೆಯಲ್ಲಿ ಅಚ್ಚು ಹಾಕಿಸುತ್ತೇವೆ ಎಂದು ಘೋಷಿಸಿದ. ಊರು ಹಿಗ್ಗಿತು. ತಮ್ಮ ಹರಕು ಕುರ್ಚಿಗಳು ಸಂಪ್ರದಾಯ ಎಂದು ಅವರಿಗೆ ಆ ಹೊತ್ತಿನತನಕ ಗೊತ್ತಿರಲಿಲ್ಲ. ಆಮೇಲೆ ಎರಡು ಮೇಜುಗಳ ಮೇಲೆ ಸೇಬಿನ ರಸವೂ ಡೋನಟ್ಟುಗಳೂ ಬಂದವು. ಜಿದ್ದಿಗೆ ಬಂದಿದ್ದ ಜನ ಕಾಗದದ ಕರವಸ್ತ್ರ ಹಿಡಿದು ಸಾಲುಗಟ್ಟಿದರು. ಒಬ್ಬೊಬ್ಬರೂ ಆಶ್‌ವರ್ತ್‌ನ ಕೈ ಕುಲುಕಿ ಥ್ಯಾಂಕ್ಸ್ ಹೇಳಿದರು. ಅವನು ಕದ್ದದ್ದನ್ನು ಅವನೇ ವಾಪಸು ಕೊಟ್ಟಿದ್ದಕ್ಕೆ.

ಆ ಡೋನಟ್ಟುಗಳನ್ನು ಬೆಳಗಿನ ಜಾವ ಕರಿದವಳು ಬರ್ಟಾ. ಅದೂ ಯಾರಿಗೂ ನೆನಪಾಗಲಿಲ್ಲ.

ಮೆರವಣಿಗೆ ಹೊರಟಿತು. ವಿಲ್ಡಾ ತನ್ನ ಮನೆಯ ಕುರ್ಚಿಯಲ್ಲಿ ಕೂರಲಿಲ್ಲ. ಬ್ಯಾಂಕಿನ ಗೋಡೆಗೆ ಒರಗಿ ನಿಂತಳು, ಅತ್ತಿತ್ತ ಬರ್ಟಾ ಮತ್ತು ಮರಿಸೋಲ್. ಮರಿಸೋಲ್ ಹಂದಿ ಮಾಂಸದ ಕಾರ್ಖಾನೆ ಬಿಟ್ಟು ಬಂದು ಮೆಸ್ಸಿಗೆ ಸೇರಿದ ಹುಡುಗಿ, ಎರಡು ಮಕ್ಕಳ ತಾಯಿ. ಅವಳ ಕಿರಿಯವನಿಗೆ ದಮ್ಮು. ಟ್ರ್ಯಾಕ್ಟರುಗಳು ಹೋದವು, ಬೆಂಕಿ ನಂದಿಸುವ ಲಾರಿ ಹೋಯಿತು, ಜೋಳದ ರಾಣಿ ಕಿರೀಟ ಸರಿಮಾಡಿಕೊಳ್ಳುತ್ತ ಕೈಬೀಸಿದಳು. ಊರಿನವರು ಗೆದ್ದ ಸೈನ್ಯದ ಹಾಗೆ ಕುರ್ಚಿಗಳಲ್ಲಿ ವಿರಾಜಮಾನರಾಗಿದ್ದರು. ಎದುರಿಗೆ ಗ್ಲೆನ್ ತನ್ನಪ್ಪನ ಕುರ್ಚಿಯ ತೋಳನ್ನು ಸವರುತ್ತ, ಬೆಳಗಿನ ಕಥೆಯನ್ನು ಯಾರಿಗೋ ಮೂರನೆಯ ಸಲ ಹೇಳುತ್ತಿದ್ದ.

ಅವನನ್ನೇ ನೋಡುತ್ತಿದ್ದ ವಿಲ್ಡಾಳಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗಿಂತ ಕೆಟ್ಟದೊಂದು ಬಂತು, ಅಸಹ್ಯ. ಎರಡು ವಾರ ತಾನು ಇವರ ಸೋಫಾಗಳ ಮೇಲೆ ಕೂತು, ಮಂಡಿಯ ಮೇಲೆ ಕೈಯಿಟ್ಟುಕೊಂಡು ಗಂಡನ ಕಾಯಿಲೆ ಹೇಳಿಕೊಂಡಿದ್ದು ನೆನಪಾಗಿ ಮೈ ಮುಳ್ಳೆದ್ದಿತು. ಇವರು ಕೆಟ್ಟವರಲ್ಲ. ಕೆಟ್ಟವರಾಗುವುದಕ್ಕೂ ಸ್ವಲ್ಪ ಮೈಬಗ್ಗಿಸಬೇಕು. ಇವರಿಗೆ ನೋವಾಗುವುದು ತಮ್ಮ ಕೂರುವ ಜಾಗಕ್ಕೆ ಕೈ ಬಿದ್ದಾಗ ಮಾತ್ರ. ಹಾಗಿದ್ದರೆ ಇವರನ್ನು ಬೇಡುವುದನ್ನು ಬಿಟ್ಟು ಅದೊಂದನ್ನೇ ಮಾಡಬೇಕು.

“ನಾಳೆ ಒಲೆ ಹಚ್ಚೋದು ಬೇಡ,” ಎಂದಳು.

ಬ್ಯಾಂಡಿನ ಗದ್ದಲದಲ್ಲಿ ಬರ್ಟಾಳಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದಳು. ಬರ್ಟಾ ಬಾಯಲ್ಲಿದ್ದ ಚ್ಯೂಯಿಂಗ್ ಗಮ್ಮನ್ನು ನಿಲ್ಲಿಸಿದಳು. ನಾಳೆ ಭಾನುವಾರ. ಚರ್ಚು ಬಿಟ್ಟ ಮೇಲೆ ಊರಿಗೆ ಊರೇ ಮೆಸ್ಸಿಗೆ ಊಟಕ್ಕೆ ಬರುತ್ತದೆ, ವರ್ಷಗಳಿಂದ ಬಂದಿದೆ. ಜೊತೆಗೆ ಹೆತ್ತವರು, ಟ್ರಸ್ಟಿಗಳು. ಭಾನುವಾರ ಊರಿನಲ್ಲಿ ಬೇರೆ ಯಾವ ಅಂಗಡಿಯೂ ಸಂಜೆಯ ತನಕ ಬಾಗಿಲು ತೆರೆಯುವುದಿಲ್ಲ; ಬಂದವರಿಗೆ ಒಂದು ತುತ್ತು ಸಿಗುವುದಿದ್ದರೆ ಅಲ್ಲಿಯೇ.

“ನಮ್ಮತ್ತೆ ಬರ್ತಾಳೆ ಕಣೆ ಅಲ್ಲಿಗೆ,” ಎಂದಳು ಬರ್ಟಾ. “ನನ್ನ ಕೊಂದೇ ಹಾಕ್ತಾಳೆ.”

“ನಿಮ್ಮತ್ತೆ ಶುಕ್ರವಾರ ಎಲ್ಲಿದ್ಲು?”

“ಹಲ್ಲುನೋವು ಅಂದ್ಲು.”

“ಇವತ್ತು ಎಷ್ಟು ಡೋನಟ್ಟು ತಿಂದ್ಲು?”

ಬರ್ಟಾ ನಗು ತಡೆಯಲಾರದೆ ಮೂಗು ಒರೆಸಿಕೊಂಡಳು. ಮರಿಸೋಲ್ ಅಷ್ಟು ಹೊತ್ತು ಸುಮ್ಮನಿದ್ದವಳು, ಸೋಮವಾರದ ಮೇಲೆ ಕೆಲಸ ಬಿಟ್ಟರೂ ಒಂದೇ ಬಿಡದಿದ್ದರೂ ಒಂದೇ, ಬಿಡುವುದಿದ್ದರೆ ಅವರಿಗೆ ಹಸಿವಾದಾಗಲೇ ಬಿಡಬೇಕು ಎಂದಳು. ಉಳಿದವರಿಗೆ ಹೇಳುವ ಕೆಲಸವನ್ನು ಅವಳೇ ವಹಿಸಿಕೊಂಡಳು. ಸಂಜೆಯೊಳಗೆ ಎಲ್ಲರೂ ಒಪ್ಪಿದ್ದರು. ಅವರಲ್ಲಿ ಇಬ್ಬರು ಅತ್ತು ಒಪ್ಪಿದರು.

ಭಾನುವಾರ ಹೆಂಗಸರು ಎಂದಿನ ಹೊತ್ತಿಗೇ ಬಂದರು. ಏಪ್ರನ್ನು ಕಟ್ಟಲಿಲ್ಲ, ದೀಪ ಹಾಕಲಿಲ್ಲ. ಮೆಸ್ಸಿನ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೋಟು ಹೊದ್ದು ಕೂತರು. ಮೊದಲು ಬಂದವರು ಹೆತ್ತವರು, ಕ್ಯಾಮೆರಾಗಳ ಸಮೇತ. ಆಮೇಲೆ ಚರ್ಚು ಬಿಟ್ಟಿತು. ಒಳ್ಳೆಯ ಕೋಟು ತೊಟ್ಟ ಪೆಲ್‌ಬರ್ಗ್, ಪಾಪಗಳನ್ನೆಲ್ಲ ಕಳೆದುಕೊಂಡು ಬೀದಿಯುದ್ದಕ್ಕೂ ಹಸಿದು ಬಂತು. ಬಾಗಿಲು ತೆರೆದಿಲ್ಲ ಎಂದು ಕಂಡಮೇಲೂ ಯಾರೂ ಯಾಕೆಂದು ಕೇಳಲಿಲ್ಲ. ಕೇಳಿದರೆ ಒರಟಾಗುತ್ತದಲ್ಲ. ಸಾಲು ಮಾತ್ರ ಬೆಳೆಯಿತು. ಒಳಗಿನಿಂದ ಏನೂ ವಾಸನೆ ಬರುತ್ತಿಲ್ಲ ಎಂಬುದು ಒಬ್ಬೊಬ್ಬರ ಮೂಗಿಗೆ ನಿಧಾನವಾಗಿ ಹತ್ತತೊಡಗಿದಾಗ, ಜನ ಕಾಲು ಬದಲಿಸಿ ನಿಲ್ಲುವ ಸದ್ದು ಕೇಳಿಸಿತು.

ಕೊನೆಗೆ ಷಿಕಾಗೋದಿಂದ ಬಂದ ತಂದೆಯೊಬ್ಬ ಜೋರಾಗಿಯೇ ಕೇಳಿದ, ಊಟ ಇದೆಯೋ ಇಲ್ಲವೋ ಎಂದು. ವಿಲ್ಡಾ ಎದ್ದು ನಿಂತು ಹೇಳಿದಳು. ಇಲ್ಲ ಎಂದಳು. ಯಾಕೆ ಇಲ್ಲ ಎಂಬುದನ್ನೂ, ಅಡುಗೆಮನೆಯಲ್ಲಿ ಹುರುಳಿಕಾಯಿಯ ಡಬ್ಬಿ ಕೇಳುವ ದನಿಯಲ್ಲಿಯೇ ಹೇಳಿದಳು. ಆ ತಂದೆಗೆ ಅವರ ವಿಮೆಯ ಮೇಲೆ ಕನಿಕರವೇನೂ ಹುಟ್ಟಲಿಲ್ಲ. ತಾನು ಕಟ್ಟುವ ಶುಲ್ಕದ ರಾಶಿಯಲ್ಲಿ ನಾಲ್ಕು ಅಡುಗೆಯವರಿಗೆ ಡಾಕ್ಟರು ಸಿಗುವುದಿಲ್ಲ ಎಂದರೆ ಆ ರಾಶಿ ಎಲ್ಲಿಗೆ ಹೋಗುತ್ತಿದೆ ಎಂದು ಅವನಿಗೆ ಸಿಟ್ಟು ಬಂತು. ಇನ್ನು ಕೆಲವರು ಅವನ ಜೊತೆಗೂಡಿದರು. ವಿಲ್ಡಾ ಅದರಲ್ಲಿ ಒಳ್ಳೆಯತನ ಹುಡುಕಲು ಹೋಗಲಿಲ್ಲ. ಹುಡುಕಿ ಹುಡುಕಿ ಸಾಕಾಗಿತ್ತು.

ಗ್ಲೆನ್ ಸಾಲಿನಿಂದ ಹೊರಬಂದು ಮೆಟ್ಟಿಲ ಹತ್ತಿರ ಬಾಗಿ ನಿಂತ. ಯಾರಿಗೂ ಕೇಳದ ಹಾಗೆ, ಮರ್ವಿನ್‌ಗಾಗಿ ಇವತ್ತೂ ಎಲ್ಲರೂ ಸೇರಿ ಪ್ರಾರ್ಥನೆ ಮಾಡಿದೆವು ಎಂದು ತಿಳಿಸಿದ. ಆದರೆ ವಯಸ್ಸಾದವರ ಊಟ ನಿಲ್ಲಿಸುವುದು ಅಷ್ಟು ಚೆನ್ನಾಗಿ ಕಾಣುವುದಿಲ್ಲ, ಇದು ನಿನ್ನ ಸ್ವಭಾವವಲ್ಲ ಎಂದ.

ವಿಲ್ಡಾ ದನಿ ತಗ್ಗಿಸಲಿಲ್ಲ.

“ನನ್ನ ಸ್ವಭಾವ ನಿನಗೇನು ಗೊತ್ತು ಗ್ಲೆನ್? ನನ್ನ ನೂಡಲ್ಸ್ ಗೊತ್ತು. ನಿನ್ನ ಅಂಗಡಿ ಮುಂದೆ ಖಾಲಿ ಕುರ್ಚಿ ಎತ್ತಿದ್ರು, ಊರೆಲ್ಲ ಬಂತು. ನನ್ನ ಗಂಡ ಇನ್ನೂ ಉಸಿರಾಡ್ತಾ ಇದಾನೆ, ಅವನ್ನ ಎತ್ತಕ್ಕೆ ಬಂದ್ರು, ನೀವೆಲ್ಲ ಬ್ರೆಡ್ ಬೇಯಿಸಿ ಕೈಗಿಟ್ರಿ. ಆ ತಟ್ಟೆಗಳು ನಮ್ಮನೇಲಿ ಬಿದ್ದಿವೆ. ಬಂದು ತಗೊಂಡು ಹೋಗಿ.”

ಗ್ಲೆನ್ ಕಿವಿಯ ತನಕ ಕೆಂಪಾದ. ಸಾಲಿನಲ್ಲಿದ್ದ ಬರ್ಟಾಳ ಅತ್ತೆ ಕೈಚೀಲದೊಳಗೆ ಏನನ್ನೋ ಬಹಳ ಶ್ರದ್ಧೆಯಿಂದ ಹುಡುಕತೊಡಗಿದಳು.

ಅಷ್ಟರಲ್ಲಿ ಆಶ್‌ವರ್ತ್ ಓಡೋಡಿ ಬಂದ, ಅವನ ಹಿಂದೆ ಕೋಲೂರಿಕೊಂಡು ಒಬ್ಬ ಮುದಿ ಟ್ರಸ್ಟಿ. ಮೂರು ಕಟ್ಟಡಗಳ ಮೇಲೆ ಈ ಮುದುಕನ ಹೆಸರಿತ್ತು. ನಿಮ್ಮ ಭಾವನೆಗಳನ್ನು ಗೌರವಿಸುತ್ತೇನೆ, ಸೋಮವಾರ ಕೂತು ಮಾತಾಡೋಣ, ಈಗ ದಯವಿಟ್ಟು ಒಳಗೆ ಹೋಗಿ ಎಂದು ಆಶ್‌ವರ್ತ್ ಶುರುಮಾಡಿದ.

“ಸೋಮವಾರ ಇವರೆಲ್ಲ ಇರಲ್ಲ ಸಾರ್,” ಎಂದಳು ವಿಲ್ಡಾ. “ಈಗ್ಲೇ ಮಾತಾಡಿ.”

ಮುದುಕ ಟ್ರಸ್ಟಿ ಗಡಿಯಾರ ನೋಡಿಕೊಂಡ. ತನಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು, ಈ ಹಾಳು ಕಂಪನಿಯನ್ನು ಸ್ವಲ್ಪ ದಿನ ತಳ್ಳಿದರೆ ಆಕಾಶವೇನು ಕಳಚಿ ಬೀಳುತ್ತದೆ ಎಂದು ಆಶ್‌ವರ್ತ್‌ನನ್ನು ಎಲ್ಲರೆದುರೇ ಗದರಿದ. ಆಶ್‌ವರ್ತ್ ಪಕ್ಕಕ್ಕೆ ಸರಿದು ಫೋನಿನಲ್ಲಿ ಮಾತಾಡಿದ, ತಲೆಯಾಡಿಸಿದ, ಮತ್ತೆ ಮಾತಾಡಿದ. ಬಂದು, ಬೇಸಿಗೆ ರಜೆಯ ತನಕ ಏನೂ ಬದಲಾಗುವುದಿಲ್ಲ, ವಿಮೆ ಇದ್ದ ಹಾಗೆಯೇ ಇರುತ್ತದೆ ಎಂದು ವಿಲ್ಡಾಳ ಕಿವಿಯ ಹತ್ತಿರ ಹೇಳಿದ. ಅವಳು ಅದನ್ನು ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಹೇಳಿಸಿದಳು. ಷಿಕಾಗೋದ ತಂದೆ ಅದನ್ನು ಫೋನಿನಲ್ಲಿ ಚಿತ್ರ ಹಿಡಿದುಕೊಂಡ.

ಹೀಗೆ ಮರ್ವಿನ್ ಹೂಫ್ಟ್‌ನ ರಕ್ತ ಇನ್ನೊಂದಿಷ್ಟು ತಿಂಗಳು ಶುದ್ಧವಾಗುವುದು ಖಾತ್ರಿಯಾಯಿತು. ನ್ಯಾಯದಿಂದಲ್ಲ, ಕರುಣೆಯಿಂದಲೂ ಅಲ್ಲ; ಶ್ರೀಮಂತ ಮುದುಕನೊಬ್ಬನ ಹೊಟ್ಟೆ ಚುರುಗುಟ್ಟಿದ್ದರಿಂದ. ಬೇಸಿಗೆಗೆ ಮತ್ತೆ ಅದೇ ಒಪ್ಪಂದ ಹಿಡಿದು ಬರುತ್ತಾರೆ. ಆಗ ಕಾಲೇಜಿಗೆ ರಜೆ, ಮೆಸ್ಸು ಖಾಲಿ, ಹಸಿಯುವವರು ಯಾರೂ ಇರುವುದಿಲ್ಲ. ಅದಕ್ಕೇ ಬೇಸಿಗೆ ಎಂದಿದ್ದಾನೆ ಎಂಬುದು ವಿಲ್ಡಾಳಿಗೆ ಆ ಕ್ಷಣದಲ್ಲೇ ಹೊಳೆಯಿತು. ಮರಿಸೋಲಳ ಮುಖ ನೋಡಿದರೆ ಅವಳಿಗೂ ಹೊಳೆದಿತ್ತು. ಮೆಸ್ಸು ತುಂಬಿರುವಾಗಲೇ, ಏಪ್ರಿಲ್‌ನಲ್ಲೇ ಶುರುಮಾಡಬೇಕು ಎಂದು ವಿಲ್ಡಾ ಮೆಲ್ಲಗೆ ಅಂದಳು, ಮರಿಸೋಲ್ ಮಾರ್ಚ್ ಎಂದಳು.

ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಮೊದಲಿನಿಂದಲೂ ನಾವು ನಿನ್ನ ಕಡೆಗೇ ಇದ್ದೆವು ಎಂದು ಪಾದ್ರಿ ವಿಲ್ಡಾಳ ಭುಜ ತಟ್ಟಿದ. ಪೆಲ್‌ಬರ್ಗ್ ಒಗ್ಗಟ್ಟಾದರೆ ಹೀಗೆಯೇ ಎಂದು ಗ್ಲೆನ್ ಷಿಕಾಗೋದವನಿಗೆ ವಿವರಿಸುತ್ತಿದ್ದ, ಕೆಂಪು ಇಳಿದಿತ್ತು. ಕರವಸ್ತ್ರದಿಂದ ಕಣ್ಣೊರೆಸಿಕೊಂಡ ಹೆಂಗಸರೂ ಇದ್ದರು. ಸಾಲು ತಂತಾನೇ ನೆಟ್ಟಗಾಗಿ ಬಾಗಿಲ ಕಡೆಗೆ ಒಂದು ಹೆಜ್ಜೆ ಸರಿಯಿತು.

ವಿಲ್ಡಾ ಬಾಗಿಲು ತೆರೆದಳು. ಹುಡುಗರೂ ಅವರ ಹೆತ್ತವರೂ ಒಳಗೆ ಬರಬಹುದು, ಊಟಕ್ಕೆ ಒಂದು ಗಂಟೆ ಆಗುತ್ತದೆ ಎಂದಳು. ಅವರು ಒಳಗೆ ಹೋದರು, ಟ್ರಸ್ಟಿಯೂ ಕೋಲೂರಿಕೊಂಡು ಹೋದ. ಆಮೇಲೆ ಅವಳು ಹೊಸ್ತಿಲ ಮೇಲೆ ನಿಂತು ಬಾಗಿಲಿಗೆ ತೋಳು ಅಡ್ಡಹಾಕಿದಳು.

“ಊರಿನವರು ಮನೆಗೆ ಹೋಗಿ ಬೇಯಿಸ್ಕೊಳ್ಳಿ,” ಎಂದಳು. “ನಿಮಗೆ ಬೇಯಿಸಕ್ಕೆ ಬರುತ್ತೆ. ನಾನು ತಿಂದು ನೋಡಿದೀನಿ.”

ಗ್ಲೆನ್ ಟೋಪಿ ತೆಗೆದ. ಬಾಗಿಲು ಮುಚ್ಚಿತು. ಹೊರಗಿನವರು ಎಷ್ಟೋ ಹೊತ್ತು ಹಾಗೇ ನಿಂತಿದ್ದರು, ಸಾಲಿನಲ್ಲಿ ತಮ್ಮ ಜಾಗ ಬಿಟ್ಟುಕೊಡದೆ.

ಒಳಗೆ ಬರ್ಟಾ ಒಲೆಗಳನ್ನು ಹಚ್ಚುತ್ತಿದ್ದಳು. ಮರಿಸೋಲ್ ಆಲೂಗಡ್ಡೆಯ ಮೂಟೆ ಎಳೆದು ತಂದು, ಎಂದಿನಷ್ಟೇ ಹಾಕಲೇ ಎಂದು ಕೇಳಿದಳು.

“ಬೇಡ,” ಎಂದಳು ವಿಲ್ಡಾ, ಏಪ್ರನ್ನಿನ ದಾರ ಬಿಗಿಯುತ್ತ. “ಅರ್ಧ ಸಾಕು.”